ಎದೆಯ ಮೇಲಿನ ಬಿಲ್ಲೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ಬರೆಯಲು ಕೈ ಓಡುವುದಿಲ್ಲ. ಮೂಗು ನನ್ನ ಹಾಗೆ ಮೊಂಡು, ಹಟ ಅವಳಪ್ಪನ ಕಡೆಯದು, ದನಿ ಯಾರದೋ ದೇವರೇ ಬಲ್ಲ, ಓಣಿಯ ಆಚೆ ತುದಿಗೆ ಕೇಳಿಸುತ್ತದೆ.

ನಾನು ತಿಕೋಟಾದ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೇ ಪಾಟಿ ಕೆಳಗಿಟ್ಟು ಸಾಲೆ ಬಿಟ್ಟವಳು. ನನ್ನ ಅಕ್ಷರ ದಪ್ಪ, ಸಾಲು ಸೊಟ್ಟ. ಆದರೂ ಬರೆಯುತ್ತಿದ್ದೇನೆ. ಯಾವ ದವಾಖಾನೆಯ ಬಾಕಿನ ಮೇಲೋ ಒಬ್ಬ ಹೆಂಗಸು ತನ್ನ ಸರದಿ ಕಾಯುತ್ತ, ನನಗೊಬ್ಬಳಿಗೇ ಹೀಗಾಯಿತಲ್ಲ ಎಂದು ಸೆರಗು ಕಚ್ಚಿಕೊಂಡು ಕುಳಿತಿರಬಹುದು. ಆಕೆಗೆ ಯಾರಾದರೂ ಇದನ್ನು ಓದಿ ಹೇಳಲಿ.

ನನ್ನ ರೋಗ ನಗುನಗುತ್ತಲೇ ಶುರುವಾಯಿತು. ತಿಕೋಟಾದಲ್ಲಿ ನನ್ನ ಅಣ್ಣನ ಮನೆಗೆ ಹೋಗಿದ್ದೆ. ಹೆಂಗಸರೆಲ್ಲ ಸೇರಿ ಶೇಂಗಾ ಹೋಳಿಗೆ ಮಾಡುತ್ತಿದ್ದೆವು. ಯಾರೋ ಏನೋ ಅಂದರು, ನಾನು ಜೋರಾಗಿ ನಕ್ಕೆ, ಆಮೇಲೆ ಏನೂ ಇಲ್ಲ. ಕಣ್ಣು ಬಿಟ್ಟಾಗ ಹೂರಣದ ಪರಾತದೊಳಗೆ ನನ್ನ ಮೋರೆ, ಕೈಯಲ್ಲಿ ಕೀಲಿಕೈಗಳ ಗೊಂಚಲು, ಮೂಗಿಗೆ ಒಂದು ಚಪ್ಪಲಿ.

"ಯಾರ ಚಪ್ಲಿ ಇದು?" ಎಂದೆ.

"ನಂದ ಬೇ" ಎಂದ ಅಣ್ಣ.

"ಸಗಣಿ ತುಳದ ಬಂದೀಯಲ್ಲೋ, ತಗಿ ಅತ್ತಾಗ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈಯಲು ಬಂತೆಂದ ಮೇಲೆ ಗೌರವ್ವನಿಗೆ, ಅಂದರೆ ನನಗೆ, ಏನೂ ಆಗಿಲ್ಲ ಎಂದು ತೀರ್ಮಾನವಾಯಿತು. ಹೋಳಿಗೆ ತಿಂದು ಊರಿಗೆ ಬಂದೆ.

ನಮ್ಮ ಮನೆ ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಾದಿಯ ಮಗ್ಗುಲಿಗೆ. ನಮ್ಮ ಯಜಮಾನರದು ಸೊಲ್ಲಾಪುರ ರಸ್ತೆಯಲ್ಲಿ ಹಿಟ್ಟಿನ ಗಿರಣಿ. ಮೊದಲು ಎಣ್ಣೆಯ ಇಂಜಿನ್ ಇತ್ತು, ಆಮೇಲೆ ಕರೆಂಟಿನ ಮೋಟಾರು ಬಂತು. ಮೋಟಾರಿನಿಂದ ಕಲ್ಲಿಗೆ ಚರ್ಮದ ಪಟ್ಟಾ. ಆ ಪಟ್ಟಾದ ಪಟಪಟ ಸದ್ದಿನಲ್ಲೇ ನಾನು ಎರಡನೆಯ ಸಲ ಬಿದ್ದದ್ದು. ಜೋಳ ಜರಡಿ ಹಿಡಿಯುತ್ತಿದ್ದವಳು ಹಿಟ್ಟಿನ ಮೇಲೆ ಒರಗಿದೆ. ಕಣ್ಣು ಬಿಟ್ಟಾಗ ಪಟ್ಟಾ ನಿಂತಿತ್ತು, ಯಜಮಾನರ ಮೋರೆ ನನ್ನ ಮೇಲೆ ಬಾಗಿತ್ತು. ಅವರು ನಗಲಿಲ್ಲ.

ಸಿದ್ಧೇಶ್ವರ ಗುಡಿಯ ಹತ್ತಿರ ಒಬ್ಬ ಡಾಕ್ಟರರಿದ್ದರು. ಅವರಲ್ಲಿ ಕೆಮ್ಮುವವರು, ಕುಂಟುವವರು, ಅಳುವ ಕೂಸುಗಳು ಎಲ್ಲರೂ ಒಂದೇ ಬಾಕಿನ ಮೇಲೆ. ಬಗಲಲ್ಲಿ ಕುಳಿತ ಮುದುಕಿ "ನಿನಗೇನಾಗೇತಿ?" ಎಂದಳು. "ಬೀಳತೇನಿ" ಎಂದೆ. "ನಾನೂ ಬಿದ್ದೀನಿ, ಬಾವ್ಯಾಗ" ಎಂದು ಮುರಿದ ಕೈ ತೋರಿಸಿದಳು. ಅದನ್ನು ಕೇಳಿ ಸ್ವಲ್ಪ ಹಗುರಾಯಿತು. ಒಳಗೆ ಡಾಕ್ಟರು ನನ್ನ ಮಣಿಕಟ್ಟು ಹಿಡಿದರು. ಕೈಗಡಿಯಾರ ನೋಡಿದರು. ಮತ್ತೆ ನನ್ನ ಮೋರೆ ನೋಡಿದರು. ಗಡಿಯಾರವನ್ನು ಕಿವಿಗೆ ಹಿಡಿದು ಕೇಳಿದರು.

"ಗಡಿಯಾರ ನಿಂತೈತೇನ್ರಿ?" ಎಂದು ಕೇಳಿದೆ.

"ಗಡಿಯಾರ ಛಲೋ ಐತಿ ಯವ್ವಾ. ನಿನ್ನ ನಾಡೀನ ನಿಂತು ನಿಂತು ನಡದೈತಿ."

ಬದುಕಿರುವವರ ಎದೆ ಹಾಗೆ ನಿಂತು ನಿಂತು ನಡೆಯಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಯಜಮಾನರು ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಎಷ್ಟೋ ಹೊತ್ತಿನ ಮೇಲೆ ಬಂದು, "ಮುಂಬೈಗೆ ಹೋಗೂಣು, ಅಲ್ಲಿ ಇದಕ್ಕ ಏನೋ ಮಾಡ್ತಾರಂತ" ಎಂದರು. ನನ್ನ ತಲೆಯಲ್ಲಿ ಒಂದೇ ಇತ್ತು. ನಮ್ಮ ಒಬ್ಬಳೇ ಮಗಳು ಕಸ್ತೂರಿಯನ್ನು ಬಬಲೇಶ್ವರಕ್ಕೆ ಕೊಟ್ಟು ವರ್ಷವೂ ತುಂಬಿರಲಿಲ್ಲ. ಅವಳ ಚೊಚ್ಚಲ ಬಾಣಂತನ ಮಾಡದೆ ನಾನು ಹೋಗಿಬಿಟ್ಟರೆ ಹೇಗೆ? ಅಜ್ಜಿಯ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಳ್ಳದ ಕೂಸು ಎಂದು ಅದಕ್ಕೆ ಹೆಸರಾಗಬೇಕೇ?

ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಮುಂಬೈಗೆ ಹೋದೆವು. ಆ ದವಾಖಾನೆಯ ವರಾಂಡ ನಮ್ಮ ಓಣಿಗಿಂತ ಉದ್ದ. ಹಗಲೆಲ್ಲ ಕುಳಿತುಕೊಳ್ಳುವುದೇ ಕೆಲಸ. ನನಗೆ ಮರಾಠಿ ಬಾರದು, ಯಜಮಾನರಿಗೆ ಸೊಲ್ಲಾಪುರದ ವ್ಯಾಪಾರಿಗಳಿಂದ ಬಂದಷ್ಟು ಬರುತ್ತಿತ್ತು. ಅಲ್ಲೊಬ್ಬಳು ಆಯಾ ಇದ್ದಳು. ನನ್ನ ಭಾಷೆ ಅವಳಿಗಿಲ್ಲ, ಅವಳದು ನನಗಿಲ್ಲ. ಬಂದು ಹಿಂದೆ ಕುಳಿತು, ಜಿಡ್ಡುಗಟ್ಟಿದ ನನ್ನ ತಲೆಯನ್ನು ಬಾಚಿ ಹೆಣೆದು ಹೋಗುತ್ತಿದ್ದಳು. ಆ ಕೈ ತಲೆಗೆ ತಾಕಿದಾಗ ಮಾತ್ರ ನನಗೆ ಅಳು ಬರುತ್ತಿತ್ತು.

ಒಂದು ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಮೇಜಿನ ಮೇಲೆ ತಾಮ್ರದ ತಂತಿಯ ಎರಡು ಸುರುಳಿ ಇಟ್ಟರು. ಒಂದಕ್ಕೆ ಬ್ಯಾಟರಿಯ ಡಬ್ಬಿ ಸಿಕ್ಕಿಸಿದ್ದರು, ಇನ್ನೊಂದಕ್ಕೆ ಮಣಿಯಷ್ಟು ಸಣ್ಣ ಬಲ್ಬು. ಒಂದಕ್ಕೊಂದು ತಾಕಿರಲಿಲ್ಲ. ಎರಡರ ನಡುವೆ ತಮ್ಮ ಅಂಗೈ ಚಾಚಿ ಡಬ್ಬಿಯ ಗುಂಡಿ ಒತ್ತಿದರು. ಬಲ್ಬು ಹತ್ತಿಕೊಂಡಿತು.

ನಾನು ಚೀರಿ ಎದ್ದು ನಿಂತೆ. ಯಜಮಾನರು ಡಾಕ್ಟರ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು, ತೂತು ಇದೆಯೋ ಏನೋ ಎಂದು. ಆ ದೊಡ್ಡ ಮನುಷ್ಯ ಬೇಸರಿಸದೆ ಕೈ ಕೊಟ್ಟು ಕುಳಿತರು. ಒಂದು ಸುರುಳಿಯನ್ನು ಎದೆಯ ಚರ್ಮದ ಕೆಳಗಿಟ್ಟು ಹೊಲಿಯುತ್ತೇವೆ, ಅದರ ತಂತಿ ಹೃದಯಕ್ಕೆ ಹೋಗಿ ಅದನ್ನು ಬಡಿಸುತ್ತದೆ, ಇನ್ನೊಂದನ್ನು ಅದರ ಮೇಲೆ ಸರಿಯಾಗಿ ಹೊರಗಿನಿಂದ ಅಂಟಿಸುತ್ತೇವೆ, ಡಬ್ಬಿ ಸೊಂಟದಲ್ಲಿರುತ್ತದೆ, ಬ್ಯಾಟರಿ ಮುಗಿದರೆ ನೀವೇ ಬದಲಿಸಬಹುದು, ಮತ್ತೆ ಕೊಯ್ಯುವುದು ಬೇಕಿಲ್ಲ ಎಂದರು. ಎರಡರ ನಡುವೆ ತಗಡು ಗಿಗಡು ಬರಬಾರದು, ಹೊರಗಿನದು ನೆನೆಯಬಾರದು.

ಯಜಮಾನರು ನನ್ನ ಕಡೆ ತಿರುಗಿ, "ಪಟ್ಟಾನ ಇಲ್ದ ಕಲ್ಲು ತಿರಗತೈತಂತ ಗೌರಿ" ಎಂದರು. ಅವರ ಬಾಯಿ ತೆರೆದೇ ಇತ್ತು.

ಕೊಯ್ಯುವ ದಿನ ಮೈಮೇಲಿನದೆಲ್ಲ ತೆಗೆಯಬೇಕೆಂದರು. ಬಳೆ ತೆಗೆದೆ, ತಾಳಿ ತೆಗೆದೆ. ಕೊರಳಿನ ಇಷ್ಟಲಿಂಗಕ್ಕೆ ನರ್ಸು ಕೈ ಹಾಕಿದಾಗ ಮಾತ್ರ ಎರಡೂ ಕೈಯಿಂದ ಮುಚ್ಚಿಕೊಂಡೆ. ಹುಟ್ಟಿದಾಗ ಕಟ್ಟಿದ್ದು, ಸಾಯುವಾಗಲೂ ಮೈಬಿಡುವಂಥದ್ದಲ್ಲ. ಅವಳು ರೇಗಿದಳು. ಡಾಕ್ಟರು ಬಂದು ಯಜಮಾನರ ಮಾತು ಪೂರಾ ಕೇಳಿದರು. ಲಿಂಗವನ್ನು ಅದರ ಪುಟ್ಟ ಭರಣಿ, ಕರಡಿಗೆಯಿಂದ ತೆಗೆಸಿ, ಬಿಳಿ ಅರಿವೆಯಲ್ಲಿ ಸುತ್ತಿ, ನನ್ನ ರಟ್ಟೆಗೆ ತಾವೇ ಕಟ್ಟಿದರು. ಆ ಗಂಟನ್ನು ನೋಡುತ್ತಲೇ ನನಗೆ ನಿದ್ದೆ ಹತ್ತಿತು.

ಎಚ್ಚರಾದಾಗ ಮೊದಲು ತಿಳಿದದ್ದು ನನ್ನ ಪಾದ. ವರ್ಷದಿಂದ ತಣ್ಣಗೆ ಕೊರೆಯುತ್ತಿದ್ದ ಪಾದಗಳು ಬೆಚ್ಚಗಿದ್ದವು. ಎದೆಯ ಮೇಲೆ ಹೊರಗಿನ ಸುರುಳಿಯ ಅಂಗೈಯಗಲದ ಬಿಲ್ಲೆ, ಪಟ್ಟಿ ಹಚ್ಚಿ ಅಂಟಿಸಿದ್ದು. ಒಳಗೆ ಡಬ್ ಡಬ್ ಎಂದು ಒಂದೇ ಲಯ. ಕೆಲವು ದಿನ ಕಳೆದ ಮೇಲೆ ಡಾಕ್ಟರು, ಇದು ಸರಿದರೆ ಹೇಗಾಗುತ್ತದೆ ಎಂದು ನಿಮಗೆ ಗೊತ್ತಿರಲಿ ಎಂದು ಹೇಳಿ ಬಿಲ್ಲೆಯನ್ನು ತುಸು ಎತ್ತಿದರು. ಮೇಲಿನ ಪಂಖ ದೂರ ದೂರ ಹೋಯಿತು, ಬಾವಿಯ ತಳದಿಂದ ನೋಡಿದ ಹಾಗೆ. ಮತ್ತೆ ಇಟ್ಟರು. ಪಂಖ ಓಡಿ ಬಂತು. ನಾನು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ.

"ಏನಂದ್ರು?" ಎಂದು ಡಾಕ್ಟರು ಕೇಳಿದರು.

"ನಿಮಗೆ ಒಳ್ಳೆಯದಾಗಲಿ ಅಂದಳು" ಎಂದರು ಯಜಮಾನರು ಮರಾಠಿಯಲ್ಲಿ.

ಊರಿಗೆ ಬಂದೆ. ಡಬ್ಬಿಯನ್ನು ಎಲೆಯಡಿಕೆಯ ಸಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಲಿಂಗವನ್ನು ಅರಿವೆಯಲ್ಲಿಟ್ಟು ರಟ್ಟೆಗೇ ಕಟ್ಟಿಕೊಂಡೆ. ಓಣಿಯೆಲ್ಲ ನೋಡಲು ಬಂತು. ಬಂದವರು ಬಾಗಿಲಲ್ಲೇ ನಿಂತರು.

"ಗೌರಕ್ಕಾ, ನಿನ್ನ ಮುಟ್ಟಿದ್ರ ಝುಮ್ ಅಂತೈತೇನ?"

"ಮುಟ್ಟಿ ನೋಡ ಬಾ."

"ಒಲ್ಲೆ ಯವ್ವಾ, ನನಗ ಸಣ್ಣ ಮಕ್ಕಳದಾವು."

ಗಿರಣಿಗೆ ಬಂದವರು ಯಜಮಾನರಿಗೆ, "ಕರೆಂಟ್ ಹೋದ್ರ ನಿಮಗೇನ್ ಚಿಂತಿ ಬಿಡ್ರಿ, ಮನ್ಯಾಗಿನವ್ರನ್ನ ಕರಕೊಂಡು ಬಂದು ಕಲ್ಲಿಗೆ ಹಚ್ಚರಿ" ಎನ್ನುತ್ತಿದ್ದರು. ಇಬ್ರಾಹಿಂಪುರದಲ್ಲಿ ದೀಪ ಹೋದಾಗಲೆಲ್ಲ ಮಗ್ಗುಲ ಮನೆಯವರು ನಮ್ಮ ಬಾಗಿಲಿಗೆ ಬಂದು, "ಅದಾಳೇನ್ರಿ?" ಎಂದು ವಿಚಾರಿಸುತ್ತಿದ್ದರು. ನಾನು ಒಳಗಿನಿಂದ, "ಅದೀನಿ, ಹೋಗ್ರಿ" ಎಂದು ಕೂಗುತ್ತಿದ್ದೆ. ನಗೆಯೇನೋ ನಗೆಯೇ. ಆದರೆ ನನ್ನ ಕೈಯಿಂದ ಚಹದ ಬಟ್ಟಲು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕೆಳಗಿಡು, ತಗೋತೇವಿ ಎನ್ನುತ್ತಿದ್ದರು. ದವಾಖಾನೆಯಲ್ಲಿ ಪರಭಾಷೆಯ ಆಯಾ ನನ್ನ ತಲೆ ಬಾಚಿದ್ದಳು, ನಮ್ಮ ಓಣಿಯಲ್ಲಿ ನನ್ನನ್ನು ಮುಟ್ಟುವವರು ಯಜಮಾನರು ಒಬ್ಬರೇ ಆದರು.

ಅಷ್ಟರಲ್ಲಿ ಕಸ್ತೂರಿ ಬಸುರಾದಳು.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಲು ಹಸಿರು ಖಣ, ಸೀರೆ, ಬುತ್ತಿ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೋದೆವು. ಕುಬಸವಾದ ಮೇಲೆ ಮಗಳನ್ನು ಬಾಣಂತನಕ್ಕೆ ತವರಿಗೆ ಕರೆತರುವುದು ನಮ್ಮ ಪದ್ಧತಿ. ಅವಳ ಅತ್ತೆ, ನಮ್ಮ ಬೀಗತಿ ನೀಲವ್ವ, ಎತ್ತರದ ಹೆಂಗಸು, ಮಾತೂ ಹಾಗೆಯೇ ನೇರ. ಊಟವಾದ ಮೇಲೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ತಾನು ಒಂದು ಮಾರು ದೂರ ಕುಳಿತಳು.

"ಸಿಟ್ಟಾಗಬ್ಯಾಡ್ರಿ ಬೀಗತಿ. ಹ್ವಾದ ವರ್ಷ ನಮ್ಮ ಹೊಲದಾಗ ಕರೆಂಟಿನ ತಂತಿ ಹರದು ಬಿತ್ತು. ನಮ್ಮ ಬಿಳಿ ಎತ್ತು ಅದರ ಮ್ಯಾಲ ಕಾಲಿಟ್ಟಿತು. ಒಂದ ಸಲ ಒದರಿಲ್ಲ, ನಿಂತಲ್ಲೇ ಬಿತ್ತು. ಅಂಥಾ ಎತ್ತ ಬಿದ್ದಮ್ಯಾಲ ಹಸಗೂಸಿನ ಗತಿ ಏನು? ಮೈಯಾಗ ಕರೆಂಟ್ ಇಟ್ಕೊಂಡವರ ಮಡಲಾಗ ಕೂಸ ಹ್ಯಾಂಗ ಹಾಕೂದು?"

"ಬ್ಯಾರೇದವರಿಗಿ ಏನೂ ಆಗೂದಿಲ್ಲಂತ ಡಾಕ್ಟರ್ ಹೇಳ್ಯಾರ್ರಿ" ಎಂದೆ.

"ಡಾಕ್ಟರ್ ನಮ್ಮ ಎತ್ತ ನೋಡಿಲ್ಲಲ್ರಿ."

ಒಳಗಿನಿಂದ ಕಸ್ತೂರಿ ಹೊರಗೆ ಬಂದಳು. "ನಮ್ಮವ್ವ ಕೂಸ ಮುಟ್ಟಬಾರ್ದು ಅಂದ್ರ ನಾ ತವರಿಗಿ ಯಾಕ ಹೋಗ್ಲಿ ಅತ್ತಿ?"

ನಾನೇ ಅವಳನ್ನು ಸುಮ್ಮನಿರಿಸಿದೆ. ನೀಲವ್ವ ಕೆಟ್ಟವಳಲ್ಲ, ಹೆದರಿದವಳು. ನಿಜ ಹೇಳಬೇಕೆಂದರೆ ನನಗೂ ಪೂರಾ ಧೈರ್ಯವಿರಲಿಲ್ಲ. ಕೊನೆಗೆ ಮಾತಾಯಿತು. ಕಸ್ತೂರಿ ವಿಜಾಪುರಕ್ಕೆ ಬರುವುದು, ತೊಟ್ಟಿಲ ಕಾರ್ಯದವರೆಗೆ ನಾನು ಕೂಸನ್ನು ಮುಟ್ಟದಿರುವುದು. ಆ ದಿನ ನೀಲವ್ವ ಬಂದು ನನ್ನನ್ನು ಕಣ್ಣಾರೆ ನೋಡಿ, ಮಗಳೂ ಕೂಸೂ ನಮ್ಮಲ್ಲಿರಬೇಕೋ ಬಬಲೇಶ್ವರಕ್ಕೆ ಹೋಗಬೇಕೋ ಎಂದು ಹೇಳುವುದು.

ಕೂಸು ಹುಟ್ಟಿತು. ಹೆಣ್ಣು. ಅದರ ಮೊದಲ ಅಳು ಕೇಳಿ ನನ್ನ ಎದೆ ಹಾರುತ್ತದೆ ಎಂದುಕೊಂಡಿದ್ದೆ. ಅದು ಡಬ್ಬಿ ಹೇಳಿದ ಲೆಕ್ಕದಲ್ಲೇ ಬಡಿಯುತ್ತಿತ್ತು. ಕಣ್ಣು ಮಾತ್ರ ತುಂಬಿ ಸುರಿದವು. ಬಾಣಂತಿಯ ಕೋಣೆಯ ಹೊಸ್ತಿಲ ಹೊರಗೆ ನನ್ನ ಚಾಪೆ. ನಾದಿನಿ ಬಸವ್ವ ಬಂದು ಕೂಸಿಗೆ ನೀರು ಎರೆಯುತ್ತಿದ್ದಳು. ಅವಳ ಕಾಲ ಮೇಲೆ ಕೂಸು ಕಿರುಚುವಾಗ ನನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿ ಕುಳಿತಿರುತ್ತಿದ್ದೆ.

"ಬಿಸಿ ಆತ ನೀರು, ಬಸವ್ವಾ. ಕುತಗಿ ಹಿಡಿ. ಕಿವ್ಯಾಗ ಹೋದೀತು."

"ನಾ ಆರು ಹಡದೀನಿ ವೈನಿ, ಸುಮ್ನ ಕುಂಡ್ರಿ."

ಕಸ್ತೂರಿ ಯಾರೂ ಇಲ್ಲದಾಗ ಕೂಸನ್ನು ನನ್ನ ಕಡೆ ಚಾಚಿದಳು. "ಯಾರ ನೋಡ್ತಾರ ಬೇ, ತಗೋ."

ಹಾಲಿನ ವಾಸನೆ ಮೂಗಿಗೆ ಬಂತು. ನಾನು ಹಿಂದೆ ಸರಿದೆ. "ಮಾತ ಕೊಟ್ಟೀನಿ" ಎಂದೆ. ಮಾತಿಗಿಂತ ಹೆಚ್ಚಾಗಿ ಆ ಬಿಳಿ ಎತ್ತು ನನ್ನ ಕಣ್ಣ ಮುಂದೆ ಬಂದಿತ್ತು.

ತೊಟ್ಟಿಲ ದಿನ ಮನೆ ತುಂಬ ಮಂದಿ. ಯಜಮಾನರು ಹಿಗ್ಗಿನಿಂದ ಒಂದು ಗಂಟು ತಂದು ನನ್ನ ಕೈಗಿಟ್ಟರು. ಬಿಚ್ಚಿದರೆ ಹೊಸ ಬೆಳ್ಳಿಯ ಕರಡಿಗೆ, ಗುಡಿಯ ಹತ್ತಿರದ ಪತ್ತಾರನ ಕಡೆ ಮಾಡಿಸಿದ್ದು. "ರಟ್ಟಿಗಿ ಕಟ್ಕೊಂಡು ರೋಗಿ ಹಂಗ ಯಾಕ ಕಾಣಬೇಕು? ಬೀಗರ ಮುಂದ ಮೊದಲಿನ ಗೌರವ್ವ ಆಗಿ ನಿಲ್ಲು" ಎಂದು ತಾವೇ ಲಿಂಗವನ್ನು ಅದರಲ್ಲಿಟ್ಟು ಕೊರಳಿಗೆ ಕಟ್ಟಿದರು. ಇಬ್ಬರಿಗೂ ಬೇರೇನೂ ಹೊಳೆಯಲಿಲ್ಲ. ತಗಡು ಬರಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ ಕೀಲಿಕೈ ತೆಗೆದಿದ್ದೆವು, ಸೆರಗಿನ ಪಿನ್ನು ತೆಗೆದಿದ್ದೆವು. ದೇವರನ್ನಿಡುವ ಬೆಳ್ಳಿಯನ್ನು ತಗಡು ಎಂದು ನಮ್ಮಲ್ಲಿ ಯಾರು ಎಣಿಸುತ್ತಾರೆ?

ನೀಲವ್ವ ಬಂದಳು. ದೂರದಿಂದಲೇ ಕೈಮುಗಿದು ಬಾಣಂತಿಯ ಕೋಣೆಗೆ ಹೋದಳು. ಅಲ್ಲಿ ಕಸ್ತೂರಿ ಕೂಸನ್ನು ಎತ್ತಿಕೊಂಡು ಹೊರಸಿನ ಮೇಲೆ ಕುಳಿತಿದ್ದಳು. ನಾನು ಒಲೆಯ ಮುಂದೆ ಹೊತ್ತು ಕಳೆದು ಬೆವತು, ಬೀಗತಿಗೆ ಚಹ ಹಿಡಿದು ಹೊಸ್ತಿಲಿಗೆ ಬಂದೆ. ಬಟ್ಟಲು ಕೆಳಗಿಡಲು ಬಾಗಿದೆ. ಬೆವರಿಗೆ ಬಿಲ್ಲೆಯ ಪಟ್ಟಿ ಬಿಟ್ಟಿತ್ತು, ಬಾಗಿದ್ದಕ್ಕೆ ಕರಡಿಗೆ ಜಾರಿ ಬಿಲ್ಲೆಯ ಅಡಿಗೆ ಸೇರಿತು. ಕೂಸಿನ ಅಳು ದೂರ ದೂರ ಹೋಯಿತು. ಇಷ್ಟು ನನಗೆ ನೆನಪಿದೆ.

ಮುಂದಿನದನ್ನು ಕಸ್ತೂರಿ ಹೇಳಿದ್ದು. ನಾನು ನೀಲವ್ವನ ಕಾಲ ಬಳಿಯೇ ಬಿದ್ದೆನಂತೆ. ತುಟಿ ಕಪ್ಪಾದವಂತೆ. ಯಜಮಾನರು ಹೊರಗೆ ಹಂದರದಲ್ಲಿದ್ದರು. ಕಸ್ತೂರಿ ಕೂಸನ್ನು ಎದೆಗವಚಿಕೊಂಡು ಒದರಿದಳು:

"ಅತ್ತೀ, ಬಿಲ್ಲಿ ಸರದೈತಿ! ಎದಿಮ್ಯಾಲಿನ ಬಿಲ್ಲಿ ಒತ್ತಿ ಹಿಡೀರಿ!"

"ನಾನ?"

"ಅವ್ವ ಹೋಗ್ತಾಳ್ರೀ ಅತ್ತೀ!"

ನೀಲವ್ವ ಸೆರಗನ್ನು ಕೈಗೆ ಸುತ್ತಿ ಒತ್ತಿದಳು. ಏನೂ ಆಗಲಿಲ್ಲ. ಅರಿವೆಯ ಮೇಲಿಂದ ಏನೂ ತಿಳಿಯಲೊಲ್ಲದು. ಸೆರಗು ಕಿತ್ತೆಸೆದಳು. ಬರಿಗೈಯನ್ನು ಕುಪ್ಪಸದೊಳಗೆ ಹಾಕಿ, ಬಿಲ್ಲೆಯ ಕೆಳಗೆ ಕೈಗೆ ಗಟ್ಟಿಯಾಗಿ ಸಿಕ್ಕದ್ದನ್ನು ಭುಜದ ಕಡೆ ಜಗ್ಗಿ, ಬಿಲ್ಲೆಯನ್ನು ಚರ್ಮಕ್ಕೆ ಕೂಡಿಸಿ ಅಂಗೈಯಿಂದ ಅದುಮಿದಳು.

ನಾನು ಕಣ್ಣು ಬಿಟ್ಟಾಗ ಅವಳ ಮೋರೆ ನನ್ನ ಮೋರೆಯ ಮೇಲಿತ್ತು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು, ಹಲ್ಲು ಕಚ್ಚಿದ್ದಳು, "ಶಿವಾ ಶಿವಾ" ಎನ್ನುತ್ತಿದ್ದಳು. ಕೈ ಕಲ್ಲಿನ ಹಾಗೆ ನಿಂತಿತ್ತು.

"ಬೀಗತಿ" ಎಂದೆ.

ಅವಳು ಕಣ್ಣು ತೆರೆಯಲಿಲ್ಲ. "ಕರೆಂಟ್ ಇನ್ನೂ ಹೊಡದಿಲ್ಲರೀ" ಎಂದಳು.

"ಹೊಡಿಯೂದಿಲ್ಲ. ಕಣ್ಣ ತಗೀರಿ."

ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ತನ್ನ ಕೈ ನೋಡಿಕೊಂಡಳು. ನನಗೆ ಗೊತ್ತಾಯಿತು, ಸತ್ತರೂ ಸರಿ ಎಂದುಕೊಂಡೇ ಅವಳು ಕೈ ಇಟ್ಟಿದ್ದಳು. ಆ ಬಿಳಿ ಎತ್ತನ್ನು ನೋಡಿದವಳು ಅವಳು.

"ಬಡ್ಯಾಕತ್ತೈತಿ" ಎಂದಳು ಮೆಲ್ಲಗೆ. "ನನ್ನ ಕೈಯಾಗ ಬಡ್ಯಾಕತ್ತೈತಿ."

ಯಜಮಾನರು ಓಡಿ ಬಂದರು. ಭುಜಕ್ಕೆ ಸರಿದಿದ್ದ ಕರಡಿಗೆ ಕಂಡದ್ದೇ ಅವರ ಮೋರೆ ಬೂದಿಯಾಯಿತು. ಅದನ್ನು ಬಿಚ್ಚಿ, ಲಿಂಗವನ್ನು ಅರಿವೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿದರು. ಹೊಸ ಪಟ್ಟಿ ತಂದು, "ಈಗ ಬಿಡ್ರಿ, ನಾ ಅಂಟಸತೇನಿ" ಎಂದರೂ ನೀಲವ್ವ ಕೈ ತೆಗೆಯಲಿಲ್ಲ. ಪಟ್ಟಿಯನ್ನು ಅವಳ ಬೆರಳುಗಳ ಸಂದಿಯಲ್ಲೇ ಹಚ್ಚಬೇಕಾಯಿತು.

ಮಂದಿಯೆಲ್ಲ ಹೊಸ್ತಿಲಲ್ಲಿ ನೆರೆದಿದ್ದರು. ನೀಲವ್ವ ಎದ್ದು ಸೆರಗು ಸರಿಪಡಿಸಿಕೊಂಡು ಕಸ್ತೂರಿಯ ಹತ್ತಿರ ಹೋಗಿ ಕೂಸನ್ನು ಎತ್ತಿಕೊಂಡಳು. ಮುಗಿಯಿತು ಎಂದುಕೊಂಡೆ. ಕಣ್ಣಾರೆ ನೋಡಿದಳು, ಇನ್ನು ಇವರಿಬ್ಬರನ್ನೂ ಗಾಡಿಗೆ ಹತ್ತಿಸುತ್ತಾಳೆ. ನಾಳೆ ಬಿದ್ದರೆ ಕೂಸಿನ ಮೇಲೇ ಬೀಳುತ್ತೇನಲ್ಲ, ಯಾವ ಬಾಯಿಯಿಂದ ಬೇಡ ಅನ್ನಲಿ? ಗೋಡೆಗೆ ಒರಗಿ ಕುಳಿತು ತಲೆ ತಗ್ಗಿಸಿದೆ.

"ಕಾಲ ಚಾಚ್ರಿ" ಎಂಬ ದನಿ ತಲೆಯ ಮೇಲಿನಿಂದ ಬಂತು.

ತಿಳಿಯದೆ ಮೇಲೆ ನೋಡಿದೆ.

"ಕಾಲ ಚಾಚ್ರಿ ಅಂದೆ. ನಿಂತ ನಿಂತ ನನ್ನ ಕೈ ಸೋತಾವು."

ಚಾಚಿದೆ. ನೀಲವ್ವ ಕುಕ್ಕರಗಾಲಿನಲ್ಲಿ ಕುಳಿತು ಕೂಸನ್ನು ನನ್ನ ಎರಡು ಕಾಲಿನ ನಡುವೆ ಮಲಗಿಸಿದಳು. ಇಷ್ಟು ಹಗುರವೇ? ಇಷ್ಟು ಬಿಸಿಯೇ? ನನ್ನ ಬೆರಳನ್ನು ಒಯ್ದು ಅದರ ಅಂಗೈಯಲ್ಲಿಟ್ಟೆ. ಹಿಡಿದುಕೊಂಡಿತು. ಹಿಡಿದೇ ಅಳು ನಿಲ್ಲಿಸಿತು. ಓಣಿಯ ಹೆಂಗಸರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಒಬ್ಬಾಕೀನ ಎರೀಬ್ಯಾಡ್ರಿ, ಬಿಲ್ಲಿ ನೆನೀತೈತಿ, ಮತ್ತ ಯಾವಾಗ ಬೀಳತೀರೋ" ಎಂದಳು ನೀಲವ್ವ. "ಬಸವ್ವ ತನ್ನ ಮನೀಗಿ ಹೋಗ್ಲಿ, ಆಕೀಗೂ ಆರು ಮಕ್ಕಳದಾವು. ನಾ ಇಲ್ಲೇ ಇರತೀನಿ. ಕಾಲು ನಿಮ್ಮವು, ಕೈ ನನ್ನವು."

ಮರುದಿನ ಮುಂಜಾನೆ ಬಚ್ಚಲಲ್ಲಿ ಮಣೆ ಹಾಕಿ ಕುಳಿತೆ. ನೀಲವ್ವ ನನ್ನ ಎದೆಗೆ ನೀರು ಇಳಿಯದ ಮೇಣಗಪಡ ಕಟ್ಟಿದಳು, ಬಿಲ್ಲೆಯ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಕೂಸು ನನ್ನ ಕಾಲ ಮೇಲೆ ಬೋರಲಾಗಿತ್ತು. ಬಿಸಿನೀರು ಬೀಳುತ್ತಲೇ ಅದು ಓಣಿ ಹಾರಿಹೋಗುವ ಹಾಗೆ ಕಿರುಚಿತು.

"ಬಿಸಿ ಆತೇನೋ ನೀರು" ಎಂದೆ ನಾನು.

"ನೀವು ಕಾಲಷ್ಟ ನೋಡ್ಕೋರಿ" ಎಂದಳು ನೀಲವ್ವ, ಇನ್ನೊಂದು ತಂಬಿಗೆ ಎತ್ತುತ್ತ.